ನಡುವಿನವರನ್ನು ನಂಬುವ ಲೆಕ್ಕ

ಈಗ ನಾನು ಆಡುತ್ತಿರುವ ಮಾತು ಒಂದು ಎತ್ತರದ ಗೋಪುರದಿಂದ ಹೊರಟು ನಿಮ್ಮೆಲ್ಲರ ಮನೆಗೂ ಬರುತ್ತಿದೆ. ಪಕ್ಕದ ಮನೆಯವರ ರೇಡಿಯೋ ಕೆಟ್ಟು ಕೂತಿದ್ದರೆ ನಿಮಗೇನೂ ನಷ್ಟವಿಲ್ಲ. ಅವರಿಗೂ ನಿಮಗೂ ಮಾತು ಬಿಟ್ಟುಹೋಗಿದ್ದರೂ ನನ್ನ ಮಾತು ನಿಮಗೆ ಕೇಳುತ್ತದೆ. ಮೊಬೈಲ್ ಫೋನೂ ಹೆಚ್ಚುಕಡಿಮೆ ಇದೇ ಜಾತಿಯದು. ಮಹಡಿಯಲ್ಲಿ ಓದುತ್ತಿರುವ ಮಗಳನ್ನು ಊಟಕ್ಕೆ ಕರೆಯಲು ಕೆಳಗಿನಿಂದ ಫೋನ್ ಮಾಡುವ ಕಾಲ ಇದು. ಆ ಕರೆ ಮೆಟ್ಟಿಲು ಹತ್ತಿ ಹೋಗುವುದಿಲ್ಲ. ಊರಾಚೆಯ ಟವರಿಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಸುತ್ತಿ ಬಳಸಿ ಮಹಡಿಗೆ ಬರುತ್ತದೆ. ಟವರ್ ಸುಮ್ಮನಾದರೆ ಅದೇ ಮನೆಯ ಎರಡು ಫೋನುಗಳು ಒಂದಕ್ಕೊಂದು ಪರದೇಶಿ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ ಹೋಯಿತು, ಕರೆಂಟು ಹೋಯಿತು, ಬೆನ್ನಿಗೇ ಹಲವೆಡೆ ಸಿಗ್ನಲ್ಲೂ ಹೋಯಿತು. ಜೇಬಿನಲ್ಲಿ ಫೋನಿದೆ, ಅದರೊಳಗೆ ಒಳ್ಳೆಯ ರೇಡಿಯೋ ಇದೆ, ಇನ್ನೂ ಒಂದಿಷ್ಟು ಬ್ಯಾಟರಿಯೂ ಉಳಿದಿದೆ. ಆದರೆ ಎದುರು ದಿಬ್ಬದವರಿಗೆ 'ನಾವು ಬದುಕಿದ್ದೇವೆ' ಎಂಬ ಎರಡು ಪದ ತಲುಪಿಸಲು ದಾರಿಯಿಲ್ಲ. ಇಂಥ ಹೊತ್ತಿನಲ್ಲಿ ಯಾರಿಗಾದರೂ ಹೊಳೆಯುವ ಮಾತೆಂದರೆ, ಟವರಿನ ಹಂಗಿಲ್ಲದೆ ಈ ಫೋನುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಾರದೇ? ನನ್ನ ಫೋನಿನ ದನಿ ನೂರು ಮೀಟರ್ ಹೋದರೆ ಸಾಕು. ಆ ನೂರು ಮೀಟರಿನೊಳಗೆ ಇನ್ನೊಬ್ಬರ ಫೋನಿದ್ದರೆ ಅದು ಮುಂದಿನದಕ್ಕೆ ಹೇಳಲಿ, ಅದು ಅದರ ಮುಂದಿನದಕ್ಕೆ ಹೇಳಲಿ.

ಹೀಗೆ ಕೈಯಿಂದ ಕೈಗೆ ದಾಟುತ್ತಾ ಹೋಗುವ, ಯಜಮಾನನಿಲ್ಲದ ಜಾಲಕ್ಕೆ ಮೊಬೈಲ್ ಅಡ್‌ಹಾಕ್ ಜಾಲ ಎಂದು ಹೆಸರು. ಅಡ್‌ಹಾಕ್ ಅಂದರೆ ಆ ಹೊತ್ತಿಗೆ ಮಾಡಿಕೊಂಡದ್ದು, ತಾತ್ಕಾಲಿಕ. ನಮ್ಮ ಕಚೇರಿಗಳಲ್ಲಿ ಅಡ್‌ಹಾಕ್ ಎಂದು ಸೇರಿದವರು ಇಪ್ಪತ್ತು ವರ್ಷ ಕಳೆದರೂ ಹಾಗೇ ಇರುತ್ತಾರೆ. ಈ ಜಾಲ ಹಾಗಲ್ಲ. ಇದರ ಮಂದಿ ಓಡಾಡುತ್ತಿರುತ್ತಾರೆ. ಈ ನಿಮಿಷ ನಡುವೆ ಇದ್ದವರು ಮುಂದಿನ ನಿಮಿಷ ಇರುವುದಿಲ್ಲ, ದಾರಿಯನ್ನು ಮತ್ತೆ ಮತ್ತೆ ಹುಡುಕಿಕೊಳ್ಳಬೇಕು.

ಕೇಳಲು ಹೊಸದೆನಿಸುವ ಈ ಏರ್ಪಾಡು ನನಗೆ ಚಿಕ್ಕಂದಿನಿಂದಲೂ ಪರಿಚಿತ. ನಮ್ಮ ಅಜ್ಜಿಯ ತಂಗಿಗೆ ದಮ್ಮು. ಅವರಿದ್ದದ್ದು ಪೇಟೆಯಿಂದ ಮೂವತ್ತು ಕಿಲೋಮೀಟರ್ ದೂರದ ಕಾಡು ಹಳ್ಳಿಯಲ್ಲಿ. ಔಷಧಿಯ ಪೊಟ್ಟಣವನ್ನು ಅಜ್ಜಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಅವರು ಕೈಮರದ ಹತ್ತಿರದ ಹೋಟೆಲಿನವರಿಗೆ, ಹೋಟೆಲಿನವರು ಹಾಲು ತರುವ ಹುಡುಗನಿಗೆ, ಹುಡುಗ ಮನೆಗೆ. ಮೂರು ಕೈ ದಾಟಿ ಪೊಟ್ಟಣ ಮುಟ್ಟುತ್ತಿತ್ತು. ಮುಟ್ಟಿತೆಂಬ ಸುದ್ದಿ ಇದೇ ದಾರಿಯಲ್ಲಿ ತಿರುಗಿ ಬರುವ ಹೊತ್ತಿಗೆ ಎರಡು ಮೂರು ದಿನ. ಯಾರಿಗೂ ಸಂಬಳವಿಲ್ಲ, ಯಾರ ಹತ್ತಿರವೂ ರಸೀದಿಯಿಲ್ಲ. ನಡುವಿನವರ ಮೇಲಿನ ನಂಬಿಕೆಯ ಮೇಲೆಯೇ ಆ ದಮ್ಮಿನ ಔಷಧಿ ಓಡಾಡುತ್ತಿತ್ತು. ಒಂದು ಸಲ ಅದು ಮುಟ್ಟಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಯಂತ್ರಗಳಿಗೆ ಈ ಬಸ್ಸಿನ ಬುದ್ಧಿ ಕಲಿಸಲು ಹೊರಟವರು ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದವರು, 1970ರ ದಶಕದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಅವರ 'ಪ್ಯಾಕೆಟ್ ರೇಡಿಯೋ' ಪ್ರಯೋಗ ನಡೆಯಿತು. 1977ರ ನವೆಂಬರ್ 22ರಂದು ಹೆದ್ದಾರಿಯಲ್ಲಿ ಓಡುತ್ತಿದ್ದ ಒಂದು ವ್ಯಾನಿನಿಂದ ಹೊರಟ ಸಂದೇಶ ರೇಡಿಯೋ ಜಾಲ, ಉಪಗ್ರಹ ಜಾಲ, ತಂತಿ ಜಾಲ ಮೂರನ್ನೂ ದಾಟಿ, ಅಟ್ಲಾಂಟಿಕ್ ಸಾಗರದಾಚೆ ಯುರೋಪಿಗೆ ಹೋಗಿ, ಮರಳಿ ಲಾಸ್ ಏಂಜಲೀಸಿಗೆ ಬಂತು. ಇಂಟರ್ನೆಟ್ಟಿನ ಹುಟ್ಟುಹಬ್ಬಗಳಲ್ಲಿ ಇದೂ ಒಂದೆಂದು ಎಣಿಸುತ್ತಾರೆ. ಆದರೆ ಸೈನ್ಯದ ಜಾಲದಲ್ಲಿ ಒಂದು ಸೌಕರ್ಯವಿತ್ತು: ಅದರ ರೇಡಿಯೋಗಳೆಲ್ಲ ಒಬ್ಬ ಒಡೆಯನವು. 'ದಾಟಿಸು' ಎಂದರೆ ದಾಟಿಸಲೇಬೇಕು.

ಸಾರ್ವಜನಿಕರ ಫೋನುಗಳಿಗೆ ಈ ಶಿಸ್ತು ಎಲ್ಲಿಂದ ಬರಬೇಕು? ಫೋನು ನನ್ನದು, ಬ್ಯಾಟರಿ ನನ್ನದು. ಗುರುತು ಪರಿಚಯವಿಲ್ಲದ ನಿಮ್ಮ ಸಂದೇಶವನ್ನು ಹೊರಲು ನನ್ನ ಬ್ಯಾಟರಿ ಯಾಕೆ ಸವೆಸಲಿ? ನನ್ನ ಸಂದೇಶಗಳನ್ನು ಮಾತ್ರ ಎಲ್ಲರೂ ಹೊರಲಿ, ನಾನು ಯಾರದನ್ನೂ ಹೊರುವುದಿಲ್ಲ ಎನ್ನುವವನು ಸ್ವಾರ್ಥಿ. ಇವನಿಗಿಂತ ಕೆಟ್ಟವನೊಬ್ಬನಿದ್ದಾನೆ. ದಾರಿ ಹುಡುಕಲು ಫೋನು 'ಇಂಥವರ ಮನೆಗೆ ಯಾರಿಗಾದರೂ ದಾರಿ ಗೊತ್ತೇ?' ಎಂದು ಸುತ್ತಲೂ ಕೂಗಿ ಕೇಳುತ್ತದೆ. ಎಲ್ಲರಿಗಿಂತ ಮೊದಲು ಅವನು 'ನನಗೆ ಗೊತ್ತು, ತೀರಾ ಹತ್ತಿರದ ದಾರಿ, ನನ್ನ ಕೈಲಿ ಕೊಡಿ' ಎನ್ನುತ್ತಾನೆ. ಕೊಟ್ಟದ್ದೆಲ್ಲ ಅವನ ಹೊಟ್ಟೆಗೆ. ಇದಕ್ಕೆ ಕಪ್ಪುಕುಳಿ ದಾಳಿ ಎನ್ನುತ್ತಾರೆ. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಓಡಿಬಂದು ಚೀಲ ಎತ್ತಿಕೊಳ್ಳುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಬೀಗ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಗೂಢಲಿಪಿ ಇದೆ, ಡಿಜಿಟಲ್ ಸಹಿ ಇದೆ. ಇವು ಬೇಕು, ಇವಿಲ್ಲದೆ ನಡೆಯದು. ಆದರೆ ಬೀಗ ಹಾಕಿದ ಪೆಟ್ಟಿಗೆಯ ಒಳಗೇನಿದೆ ಎಂದು ನೋಡಲು ಕಳ್ಳನಿಂದ ಆಗದಿರಬಹುದು, ಪೆಟ್ಟಿಗೆಯನ್ನೇ ಹೊಳೆಗೆ ಎಸೆಯಲು ಅವನಿಗೆ ಕೀಲಿ ಬೇಕಿಲ್ಲ. ಡಿಜಿಟಲ್ ಸಹಿ 'ಇವನು ಇಂಥವನೇ ಹೌದು' ಎನ್ನುತ್ತದೆ, ಅಷ್ಟೇ. ಆಧಾರ್ ಕಾರ್ಡ್ ನೋಡಿ ಹೆಸರು ತಿಳಿಯಬಹುದು, ಕೈಗಡ ತಿರುಗಿ ಕೊಡುವವನೋ ಅಲ್ಲವೋ ಎಂಬುದು ತಿಳಿಯುತ್ತದೆಯೇ? ಅದಕ್ಕೆ ಅಂಗಡಿಯವನು ಖಾತೆ ಪುಸ್ತಕ ತೆರೆದು ನೋಡುತ್ತಾನೆ. ಜಾಲದ ಪ್ರತಿ ಫೋನಿಗೂ ಅಂಥದೊಂದು ಖಾತೆ ಪುಸ್ತಕ ಬೇಕಿತ್ತು.

ಅದನ್ನು ತುಂಬುವ ಮೊದಲ ಉಪಾಯ 2000ದ ಇಸವಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂತು. ಸೆರ್ಜಿಯೋ ಮಾರ್ಟಿ, ಮೇರಿ ಬೇಕರ್ ಮತ್ತವರ ಇಬ್ಬರು ಜೊತೆಗಾರರು ಹಿಡಿದದ್ದು ರೇಡಿಯೋದ ಒಂದು ಹುಟ್ಟುಗುಣವನ್ನು. ರೇಡಿಯೋದಲ್ಲಿ ಗುಟ್ಟಾಗಿ ಪಿಸುಗುಡಲು ಬರುವುದಿಲ್ಲ. ನನ್ನ ಪಕ್ಕದವನು ತನ್ನ ಆಚೆಯವನಿಗೆ ಹೇಳಿದ್ದು ನನ್ನ ಕಿವಿಗೂ ಬೀಳುತ್ತದೆ. ಹಾಗಾದರೆ ಕೊಟ್ಟ ಮೇಲೆ ಸುಮ್ಮನೆ ಕಿವಿಗೊಟ್ಟು ನಿಲ್ಲೋಣ. ನಾನು ಪಕ್ಕದವನಿಗೆ ಸಂದೇಶ ಕೊಡುತ್ತೇನೆ, ಅದರ ಪ್ರತಿಯೊಂದನ್ನು ನನ್ನಲ್ಲಿ ಇಟ್ಟುಕೊಳ್ಳುತ್ತೇನೆ. ಅವನು ಅದನ್ನು ಮುಂದಕ್ಕೆ ಹೇಳುವ ದನಿ ಕೇಳಿಸಿತೇ? ಅಕ್ಷರ ತಪ್ಪದೆ ಹೇಳಿದನೇ? ಹಾಗಿದ್ದರೆ ಪ್ರತಿಯನ್ನು ಹರಿದು ಹಾಕುತ್ತೇನೆ. ಇಷ್ಟು ಹೊತ್ತಿನೊಳಗೆ ದನಿ ಕೇಳಿಸದಿದ್ದರೆ ಅವನ ಹೆಸರಿನ ಮುಂದೆ ಒಂದು ಗೀಟು. ಗೀಟುಗಳು ಮಿತಿ ಮೀರಿದರೆ ಸಂದೇಶದ ಮೂಲ ಒಡೆಯನಿಗೆ ದೂರು. ಇದಕ್ಕೆ ಅವರಿಟ್ಟ ಹೆಸರು ಕಾವಲುನಾಯಿ.

ಈ ಕಾವಲುನಾಯಿಯ ಜೊತೆಗೆ ದಾರಿಗಳಿಗೆ ಅಂಕ ಹಾಕುವ ಇನ್ನೊಂದು ಏರ್ಪಾಡೂ ಇತ್ತು. ಅದರ ಅಂಕಗಳನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಗುರುತಿಲ್ಲದವನಿಗೆ ಆರಂಭದಲ್ಲಿ ಅರ್ಧ, ಅಂದರೆ 0.5. ಅವನ ದಾರಿಯಲ್ಲಿ ಸಂದೇಶ ಸುಸೂತ್ರವಾಗಿ ಓಡುತ್ತಿದ್ದರೆ ಸೆಕೆಂಡಿನ ಐದನೇ ಒಂದು ಭಾಗಕ್ಕೊಮ್ಮೆ 0.01 ಏರಿಕೆ. ಕೊಂಡಿ ಕಡಿದರೆ 0.05 ಇಳಿಕೆ. ಗಳಿಸುವುದು ಒಂದೊಂದಾಗಿ, ಕಳೆಯುವುದು ಐದೈದಾಗಿ! ಎಷ್ಟೇ ಒಳ್ಳೆಯವನಾದರೂ 0.8ರ ಮೇಲೆ ಏರುವಂತಿಲ್ಲ. ಆದರೆ ತನಗೆ ತಾನು ಹಾಕಿಕೊಳ್ಳುವ ಅಂಕ ಮಾತ್ರ ಸದಾ ಪೂರ್ತಿ 1. ಬರೆದವರು ಗಣಿತದ ಅನುಕೂಲಕ್ಕೆ ಹೀಗೆ ಮಾಡಿದರು, ಮನುಷ್ಯ ಸ್ವಭಾವವನ್ನು ಅಣಕಿಸಲು ಅಲ್ಲ. ಆದರೂ ನೋಡಿ. ಕೆಟ್ಟವನೆಂದು ದೂರು ಬಂದವನಿಗೆ ಏಕಾಏಕಿ ಮೈನಸ್ 100. ಅವನಿರುವ ದಾರಿಯ ಕಡೆ ತಲೆಯೇ ಹಾಕುವುದಿಲ್ಲ. ಕಂಪ್ಯೂಟರಿನೊಳಗೆ 50 ಸಾಧನಗಳ ಒಂದು ಕೃತಕ ಊರು ಕಟ್ಟಿ, ಅದರಲ್ಲಿ ನೂರಕ್ಕೆ ನಲವತ್ತು ಮಂದಿ ಕೆಟ್ಟವರು ಎಂದಿಟ್ಟುಕೊಂಡು ನೋಡಿದರು. ಸಾಧಾರಣ ಓಡಾಟವಿದ್ದಾಗ ತಲುಪುವ ಸಂದೇಶದ ಪ್ರಮಾಣ ಶೇಕಡಾ 17 ಹೆಚ್ಚಿತು. ದಾರಿ ಹುಡುಕುವ ಕೂಗಾಟದ ಖರ್ಚು ಮಾತ್ರ ಶೇಕಡಾ 9ರಿಂದ 17ಕ್ಕೆ ಏರಿತು. ನಂಬಿಕೆ ಪುಕ್ಕಟೆ ಸಿಗುವುದಿಲ್ಲ.

ಕಾವಲುನಾಯಿಯ ಕಿವಿಯೂ ಮೋಸಹೋಗುತ್ತದೆ, ಅದನ್ನು ಅವರೇ ಒಪ್ಪಿ ಬರೆದರು. ಪಕ್ಕದವನು ಮಾತಾಡುವ ಹೊತ್ತಿಗೇ ಇನ್ನೊಬ್ಬ ಮಾತಾಡಿದರೆ ಎರಡೂ ದನಿ ಕಲೆಸಿ ನನಗೆ ಏನೂ ತಿಳಿಯದು. ಪಾಪ, ಅವನು ದಾಟಿಸಿಯೇ ಇದ್ದ. ಅಥವಾ ಅವನು ಜಾಣನಾದರೆ ನನಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳಿ, ಆಚೆಯವನಿಗೆ ಮುಟ್ಟದಂತೆ ನೋಡಿಕೊಳ್ಳುತ್ತಾನೆ. ನನ್ನ ಪುಸ್ತಕದಲ್ಲಿ ಅವನು ಸಜ್ಜನ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದರಲ್ಲ ನಮ್ಮ ಹಿರಿಯರು, ಕಿವಿಯಾರೆ ಕೇಳಿದ್ದಕ್ಕೂ ಆ ಮಾತು ಸಲ್ಲುತ್ತದೆ.

ಇನ್ನೊಂದು ಎಡವಟ್ಟಿತ್ತು. ಕೆಟ್ಟವನ ದಾರಿ ಬಿಟ್ಟು ಬಳಸಿ ಹೋಗುತ್ತಾರೆ, ಸರಿ. ಆದರೆ ಅವನ ಸಂದೇಶಗಳನ್ನು ಎಲ್ಲರೂ ಹೊರುತ್ತಲೇ ಇದ್ದಾರೆ! ಕೆಲಸ ಕದಿಯುವವನಿಗೆ ಕೆಲಸ ಹೇಳುವುದನ್ನೇ ಬಿಟ್ಟು ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬಡಿಸಿದ ಹಾಗಾಯಿತು. ಕೂಡುಕುಟುಂಬ ಕಂಡವರಿಗೆ ಇದರ ಫಲವೇನೆಂದು ಗೊತ್ತು.

ಈ ಎಡವಟ್ಟನ್ನು ತಿದ್ದಲು 2002ರಲ್ಲಿ ಸ್ವಿಟ್ಜರ್ಲೆಂಡಿನಿಂದ ಸೋನ್ಯಾ ಬುಖೆಗರ್ ಮತ್ತು ಜಾನ್-ಈವ್ ಲ ಬುದೆಕ್ 'ಕಾನ್ಫಿಡಾಂಟ್' ಎಂಬ ಪದ್ಧತಿ ತಂದರು. ಅವರಿಗೆ ಪ್ರೇರಣೆ ಸಿಕ್ಕಿದ್ದು ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್ ಚರ್ಚಿಸಿದ ಹಕ್ಕಿಗಳಿಂದ. ತನ್ನ ನೆತ್ತಿಯ ಮೇಲಿನ ಉಣ್ಣೆಯನ್ನು ಹಕ್ಕಿ ತಾನೇ ಕುಕ್ಕಿ ತೆಗೆಯಲಾರದು, ಇನ್ನೊಂದು ಹಕ್ಕಿ ತೆಗೆಯಬೇಕು. ಎಲ್ಲರ ಉಣ್ಣೆಯನ್ನೂ ತೆಗೆಯುವ ಪೆದ್ದ ಹಕ್ಕಿಗಳು, ತೆಗೆಸಿಕೊಂಡು ಹಾರಿಹೋಗುವ ಮೋಸದ ಹಕ್ಕಿಗಳು, ಇವೆರಡೇ ಇದ್ದರೆ ಪೆದ್ದರ ಕುಲ ಅಳಿಯುತ್ತದೆ. ಮೂರನೆಯದೊಂದಿದೆ: ಎಲ್ಲರಿಗೂ ಒಮ್ಮೆ ಉಪಕಾರ ಮಾಡಿ, ಮೋಸ ಮಾಡಿದವನನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ಮಾಡದ ಹಕ್ಕಿ. ಇವುಗಳ ಸಂಖ್ಯೆ ಒಂದು ಮಟ್ಟ ಮೀರಿದರೆ ಮೋಸಗಾರರ ಬೇಳೆ ಬೇಯುವುದಿಲ್ಲ. ಬುಖೆಗರ್ ಇದಕ್ಕೆ ಒಂದು ಮಾತು ಸೇರಿಸಿದರು. ಪ್ರತಿಯೊಬ್ಬರೂ ತಾವೇ ಮೋಸಹೋಗಿ ಕಲಿಯಬೇಕೇ? ಮೋಸಹೋದವನು ನೆರೆಯವರಿಗೆ ಕೂಗಿ ಹೇಳಲಿ. ಎಲ್ಲರೂ ಸೇರಿ ಮೋಸಗಾರನ ಸಂದೇಶ ಹೊರುವುದನ್ನು ನಿಲ್ಲಿಸಲಿ. ಅಂದರೆ ಬಹಿಷ್ಕಾರ.

ಬಹಿಷ್ಕಾರ ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗಬೇಕು. ಊರು ಕಂಡವರಿಗೆ ಗೊತ್ತು, ಕೂಗಿ ಹೇಳುವವರೆಲ್ಲ ನಿಜವನ್ನೇ ಹೇಳುವುದಿಲ್ಲ. ಅಜ್ಜಿಯ ಪೊಟ್ಟಣ ಕಾಣೆಯಾದಾಗಲೂ ಇದೇ ಆಯಿತು. ಕಂಡಕ್ಟರ್ 'ಇಳಿಸಿ ಬಂದಿದ್ದೇನೆ ಅಮ್ಮಾ' ಎಂದರು. ಹೋಟೆಲಿನವರು ನೋಡಿಯೇ ಇಲ್ಲವೆಂದು ಹೇಳಿ ಕಳಿಸಿದರು. ಹಾಲಿನ ಹುಡುಗ ಕಣ್ಣು ಕಣ್ಣು ಬಿಟ್ಟ. ಅಷ್ಟರಲ್ಲಿ ಎದುರು ಮನೆಯವರು ಬಂದು, 'ಅಮ್ಮಾ, ನಾನು ಹೇಳಬಾರದು, ಆ ಕಂಡಕ್ಟರ್‌ನ ನಂಬಬೇಡಿ, ಅವರ ಕೈ ಶುದ್ಧವಿಲ್ಲ' ಎಂದರು. ಹೇಳಬಾರದು ಎಂದು ಶುರುವಾಗುವ ಮಾತುಗಳ ಬಗ್ಗೆ ನಮ್ಮಜ್ಜಿಗೆ ತಮ್ಮದೇ ಅಭಿಪ್ರಾಯವಿತ್ತು. ವಿಚಾರಿಸಿದರೆ, ಹಿಂದಿನ ತಿಂಗಳು ಆ ಎದುರು ಮನೆಯವರ ಮಗನಿಗೆ ಅರ್ಧ ಟಿಕೆಟ್ ಕೊಡದೆ ಪೂರ್ತಿ ಟಿಕೆಟ್ ಹರಿದವರು ಇದೇ ಕಂಡಕ್ಟರ್.

ಸಂಶೋಧಕರು ಇದಕ್ಕೆ ಗಂಭೀರವಾದ ಹೆಸರುಗಳನ್ನಿಟ್ಟಿದ್ದಾರೆ, ನಾನು ಚಾಡಿ ಎನ್ನುತ್ತೇನೆ. ಚಾಡಿಯನ್ನು ಯಂತ್ರ ಹೇಗೆ ಅರಗಿಸಿಕೊಳ್ಳಬೇಕು ಎಂಬುದೇ ಈ ಶಾಸ್ತ್ರದ ಅತಿ ಕಷ್ಟದ, ನನಗಂತೂ ಅತಿ ರುಚಿಯ ಭಾಗ. ಅದೇ 2002ರಲ್ಲಿ ಫ್ರಾನ್ಸಿನ ಪಿಯೆತ್ರೋ ಮಿಕಿಯಾರ್ದಿ ಮತ್ತು ರೆಫಿಕ್ ಮೋಲ್ವಾ ಒಂದು ಸರಳ ಕಟ್ಟಳೆ ಹಾಕಿದರು: ಊರಲ್ಲಿ ಹೊಗಳಿಕೆ ಮಾತ್ರ ಹರಡಬಹುದು, ತೆಗಳಿಕೆ ಹರಡುವಂತಿಲ್ಲ. ಕೆಟ್ಟದ್ದನ್ನು ನೀನೇ ಕಂಡಿದ್ದರೆ ನಿನ್ನಲ್ಲೇ ಇಟ್ಟುಕೋ. ಚಾಡಿಕೋರನ ಬಾಯಿ ಕಟ್ಟಿತು, ನಿಜ. ಆದರೆ ಕಳ್ಳರು ಒಬ್ಬರನ್ನೊಬ್ಬರು ಹೊಗಳಿಕೊಂಡು ಓಡಾಡುವುದನ್ನು ತಡೆಯುವವರು ಯಾರು? ಬುಖೆಗರ್ ಅವರು ಮುಂದೆ ಇನ್ನೊಂದು ದಾರಿ ಹಿಡಿದರು. ನೆರೆಯವನ ಮಾತು ನನ್ನ ಸ್ವಂತ ಅಭಿಪ್ರಾಯಕ್ಕೆ ಹತ್ತಿರವಿದ್ದರೆ ಅದನ್ನು ಸ್ವಲ್ಪ ತೂಕ ಕೊಟ್ಟು ಸೇರಿಸಿಕೊಳ್ಳುತ್ತೇನೆ, ತೀರಾ ದೂರವಿದ್ದರೆ ತಳ್ಳಿಹಾಕುತ್ತೇನೆ. ಗಣಿತದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಾವು ಈಗಾಗಲೇ ನಂಬಿರುವುದಕ್ಕೆ ಹೊಂದುವ ಸುದ್ದಿಯನ್ನಷ್ಟೇ ನಂಬುವ ಯಂತ್ರ ಎಂದರೆ, ಅದು ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿನ ಹತ್ತಿರದ ನೆಂಟನೇ ಆಯಿತಲ್ಲ!

ಅಂಕ ಹಾಕುವ ಲೆಕ್ಕವನ್ನು ಒಂದಿಷ್ಟು ಹೇಳಬೇಕು. ಪೆನ್ನು ಕಾಗದ ಬೇಡ. ಎರಡು ಶತಮಾನಕ್ಕೂ ಹಿಂದೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, ಇಷ್ಟು ದಿನ ಹುಟ್ಟಿದ ಸೂರ್ಯ ನಾಳೆಯೂ ಹುಟ್ಟುತ್ತಾನೆಂಬ ಭರವಸೆ ಎಷ್ಟು ಎಂದು ಲೆಕ್ಕ ಹಾಕಿದ್ದರು. ಅದೇ ಸೂತ್ರವನ್ನು 2002ರಲ್ಲಿ ಆಡುನ್ ಯೋಸಾಂಗ್ ಮತ್ತು ರೋಸ್ಲಾನ್ ಇಸ್ಮಾಯಿಲ್ ನಂಬಿಕೆಯ ಅಂಕಕ್ಕೆ ಬಳಸಿದರು. ಒಳ್ಳೆಯ ಅನುಭವಗಳ ಸಂಖ್ಯೆಗೆ ಒಂದು ಕೂಡಿಸಿ. ಅದನ್ನು ಒಟ್ಟು ಅನುಭವಗಳಿಗೆ ಎರಡು ಕೂಡಿಸಿದ್ದರಿಂದ ಭಾಗಿಸಿ. ಏನೂ ಅನುಭವವಿಲ್ಲದ ಅಪರಿಚಿತನಿಗೆ ಎರಡರಲ್ಲಿ ಒಂದು, ಅರ್ಧ. ಎಂಟು ಸಲ ಸರಿಯಾಗಿ ದಾಟಿಸಿದವನಿಗೆ ಹತ್ತರಲ್ಲಿ ಒಂಬತ್ತು. ಮೊದಲ ಸಲವೇ ಕೈಕೊಟ್ಟವನಿಗೆ ಮೂರರಲ್ಲಿ ಒಂದು. ಚೆನ್ನಾಗಿದೆ ಅಲ್ಲವೇ? ಈಗ ಇನ್ನೊಬ್ಬನನ್ನು ನೋಡಿ. ನೂರು ಸಲದಲ್ಲಿ ಐವತ್ತು ಸಲ ದಾಟಿಸಿದ, ಐವತ್ತು ಸಲ ನುಂಗಿದ. ಅವನಿಗೂ ಬರುವುದು ಅರ್ಧವೇ! ಇಂದಷ್ಟೇ ಊರಿಗೆ ಬಂದವನಿಗೂ, ಊರೆಲ್ಲ ಬಲ್ಲ ಠಕ್ಕನಿಗೂ ಒಂದೇ ಅಂಕ. ಆದ್ದರಿಂದ ಅಂಕವೊಂದೇ ಸಾಲದು, ಅದು ಎಷ್ಟು ಅನುಭವದ ಮೇಲೆ ನಿಂತಿದೆ ಎಂಬುದನ್ನೂ ಪಕ್ಕದಲ್ಲಿ ಬರೆದಿಡಬೇಕು. ಆನ್‌ಲೈನ್ ಅಂಗಡಿಗಳಲ್ಲಿ ನಕ್ಷತ್ರ ನೋಡಿ ಕೊಳ್ಳುವವರು ಆವರಣದೊಳಗಿನ ಸಂಖ್ಯೆಯನ್ನೂ ನೋಡುವುದು ಇದಕ್ಕೇ.

ಹಳೆಯ ಅನುಭವಕ್ಕೆ ತೂಕ ಇಳಿಯುತ್ತಾ ಬರಬೇಕು, ಅದೂ ಒಂದು ಸೂಕ್ಷ್ಮ. ಬೇಗ ಇಳಿಸಿದರೆ ಠಕ್ಕ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಮರ್ಯಾದಸ್ಥನಾಗುತ್ತಾನೆ. ಇಳಿಸದೇ ಹೋದರೆ ಎಂದೋ ಒಳ್ಳೆಯ ಹೆಸರು ಗಳಿಸಿದವನು ಅದರ ಬಡ್ಡಿಯಲ್ಲಿ ವರ್ಷಗಟ್ಟಲೆ ಮೋಸ ಮಾಡುತ್ತಾನೆ. ಮಧ್ಯೆ ಮಧ್ಯೆ ಒಳ್ಳೆಯವನಾಗಿ, ಅಂಕ ಇಳಿಯುವ ಮೊದಲೇ ತಿದ್ದಿಕೊಂಡು, ಮತ್ತೆ ಕೈಚಳಕ ತೋರಿಸುವ ದಾಳಿಗಳೂ ಇವೆ. ಇನ್ನು ಕೆಲವರು ಒಬ್ಬರೇ ಹತ್ತು ಹೆಸರಿನಲ್ಲಿ ಬಂದು ಹತ್ತು ಸಾಕ್ಷಿ ಹೇಳುತ್ತಾರೆ. 2002ರಲ್ಲಿ ಜಾನ್ ಡೌಸರ್ ಇದನ್ನು ಸಿಬಿಲ್ ದಾಳಿ ಎಂದು ಹೆಸರಿಸಿ, ಗುರುತು ಕೊಡುವ ಒಂದು ಕೇಂದ್ರ ಇಲ್ಲದ ಕಡೆ ಇದನ್ನು ಪೂರ್ತಿ ತಡೆಯುವುದು ಆಗದ ಮಾತೆಂದು ತೋರಿಸಿದರು. ಯಜಮಾನ ಬೇಡವೆಂದು ಕಟ್ಟಿದ ಜಾಲ ಕೊನೆಗೆ ತಲೆ ಎಣಿಸಲು ಒಬ್ಬ ಶಾನುಭೋಗನನ್ನು ಕೇಳುತ್ತದೆ. ಇದರ ಬಗ್ಗೆ ಇಲ್ಲಿ ಹೆಚ್ಚು ಹೇಳಲು ಹೊತ್ತಿಲ್ಲ.

ಇದೆಲ್ಲ ಕಾಗದದ ಮೇಲಿನ ಮಾತಾಯಿತು, ಬೀದಿಯಲ್ಲಿ ಏನಾಗಿದೆ? 2014ರಲ್ಲಿ ಹಾಂಗ್‌ಕಾಂಗಿನ ಚಳವಳಿಗಾರರು ಜಾಲ ಕೈಕೊಟ್ಟೀತೆಂಬ ಭಯದಿಂದ ಫೈರ್‌ಚಾಟ್ ಎಂಬ ಆ್ಯಪ್ ಹಾಕಿಕೊಂಡರು. ಬ್ಲೂಟೂತ್, ವೈಫೈ ಮೂಲಕ ಫೋನಿನಿಂದ ಫೋನಿಗೆ ಸಂದೇಶ ದಾಟುವ ಏರ್ಪಾಡು. ಅದರಲ್ಲಿ ಆಡಿದ ಮಾತು ಆಗ ಎಲ್ಲರಿಗೂ ತೆರೆದದ್ದು, ಪೊಲೀಸರಿಗೂ ಸೇರಿ. 2019ರ ಚಳವಳಿಯಲ್ಲಿ ಬ್ರಿಡ್ಜಿಫೈ ಬಂತು. 2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಅದನ್ನು ಬಿಚ್ಚಿ ನೋಡಿದರೆ, ಇನ್ನೊಬ್ಬರ ಸೋಗಿನಲ್ಲಿ ಬರೆಯಬಹುದಿತ್ತು, ಯಾರು ಯಾರ ಜೊತೆ ಮಾತಾಡುತ್ತಾರೆಂದು ತಿಳಿಯಬಹುದಿತ್ತು, ಒಂದೇ ಒಂದು ಕಿಡಿಗೇಡಿ ಸಂದೇಶ ಕಳಿಸಿ ಜಾಲವನ್ನೇ ಮಲಗಿಸಬಹುದಿತ್ತು. ಇಪ್ಪತ್ತು ವರ್ಷ ಪ್ರಬಂಧಗಳಲ್ಲಿ ಬೆಳೆದ ಬುದ್ಧಿ ಬೀದಿಗೆ ಇಳಿದೇ ಇರಲಿಲ್ಲ. ಇದನ್ನು ಪಾಠ ಮಾಡಿ ಬದುಕುವವನಾದ ನನಗೆ ಇದು ಮುಜುಗರದ ವಿಷಯ. ನಾವು ಕೃತಕ ಊರಿನ ಐವತ್ತು ಸಾಧನಗಳಿಗೆ ಸಾವಿರಾರು ನಂಬಿಕೆಯ ಸೂತ್ರ ಬರೆದೆವು; ಲಾಠಿ ಬೀಸುವ ಕಡೆ ನಿಂತವರ ಕೈಗೆ ಕೊಟ್ಟದ್ದು ತೂತು ಕೊಡೆ.

ಇನ್ನೂ ಬಗೆಹರಿಯದ ಒಂದು ತೊಡಕಿದೆ. ದಾಟಿಸದೆ ಹೋದವನು ಬೇಕೆಂದೇ ದಾಟಿಸಲಿಲ್ಲವೋ, ದಾಟಿಸಲು ಆಗಲಿಲ್ಲವೋ? ಬ್ಯಾಟರಿ ಮುಗಿದಿರಬಹುದು, ನಡುವೆ ಗೋಡೆ ಬಂದಿರಬಹುದು, ಮಳೆ ಜೋರಾಗಿರಬಹುದು. ಕಾವಲುನಾಯಿಯ ಕಿವಿಗೆ ಎರಡೂ ಒಂದೇ ಮೌನ.

ಅಜ್ಜಿಯ ಪೊಟ್ಟಣ ಮೂರು ವಾರದ ಮೇಲೆ ಸಿಕ್ಕಿತು. ಆ ದಿನ ಹೋಟೆಲಿನವರ ಮನೆಯಲ್ಲಿ ಸಾವಾಗಿ ಹೋಟೆಲು ಮುಚ್ಚಿತ್ತಂತೆ. ಕಂಡಕ್ಟರ್ ಪಕ್ಕದ ಬೀಡಾ ಅಂಗಡಿಯ ಹುಡುಗನ ಕೈಗೆ ಕೊಟ್ಟು ಹೋಗಿದ್ದರು. ಹುಡುಗ ಅದನ್ನು ಬೆಲ್ಲದ ಡಬ್ಬಿಯ ಹಿಂದಿಟ್ಟು, ಹಬ್ಬಕ್ಕೆಂದು ಊರಿಗೆ ಹೋಗಿದ್ದ. ಔಷಧಿ ಥಂಡಿ ಹಿಡಿದು ಗಟ್ಟಿಯಾಗಿತ್ತು. ಮರುವಾರ ಅಜ್ಜಿ ಬೆಳಗಿನ ಬಸ್ಸಿಗೆ ಮತ್ತೆ ಹೋದರು. ದಮ್ಮಿನ ಔಷಧಿಯನ್ನು ನನ್ನ ಚಿಕ್ಕಪ್ಪನ ಜೇಬಿಗೆ ಹಾಕಿ ಅವರನ್ನೇ ಹಳ್ಳಿಗೆ ಹೊರಡಿಸಿದ್ದರು. ಕಂಡಕ್ಟರ್ ಕೈಗೆ ಕೊಟ್ಟದ್ದು ಒಂದು ಕಟ್ಟು ವೀಳ್ಯದೆಲೆ. 'ಇದನ್ನ ಹೋಟೆಲಿನವರಿಗೆ ಕೊಡಪ್ಪಾ' ಎಂದರು. ಸಂಜೆ ಬಸ್ಸು ಬರುವ ಹೊತ್ತಿಗೆ ಜಗಲಿಯಲ್ಲಿ ಕೂತು ಕಾಯುತ್ತಿದ್ದರು.